ಅದು ತುದಿ ಅಲ್ಲ ಮಾರಾಯ

ಉದ್ದಣ್ಣ: (ಫೋಟೊ) ಭಾನುವಾರದ ಚಾರಣ. ಕೊನೆಗೂ ಬೆಟ್ಟದ ತುದಿ ಮುಟ್ಟಿದೆವು!!

ಮೇಷ್ಟ್ರು: ಯಾವ ತುದಿ? ಫೋಟೊ ದೊಡ್ಡದು ಮಾಡಿ ನೋಡು. ಪುಟ್ಟಿಯ ಕೆಂಪು ಟೋಪಿ ಹಿಂದೆ ಬೆಳ್ಳಗೆ ಏನೋ ಕಾಣುತ್ತಿದೆಯಲ್ಲ, ತುದಿ ಅದು. ನಾವು ನಿಂತಿದ್ದು ಅದರ ಮುಂದಿನ ದಿಬ್ಬ. ಕೆಳಗಿನಿಂದ ನೋಡುವಾಗ ಈ ದಿಬ್ಬವೇ ತುದಿ ಥರ ಕಾಣುತ್ತದೆ, ಏದುಸಿರು ಬಿಟ್ಟುಕೊಂಡು ಹತ್ತಿದ ಮೇಲೆ ಹಿಂದಿನಿಂದ ಇನ್ನೊಂದು ತಲೆ ಎತ್ತುತ್ತದೆ.

ಉದ್ದಣ್ಣ: ಇನ್ನರ್ಧ ಗಂಟೆ ದಾರಿ ಇತ್ತು ಅಷ್ಟೇ. ಅದಕ್ಕೆ ಇಷ್ಟು ರಗಳೆಯಾ? ಪುಟ್ಟಿ ಸುಸ್ತು ಅಂತ ಕೂತುಬಿಟ್ಟಳು, ಇಲ್ಲದಿದ್ದರೆ ಮುಟ್ಟಿಯೇ ಬಿಡುತ್ತಿದ್ದೆವು.

ಪುಟ್ಟಿ: ಓಹೋ, ಈಗ ತಪ್ಪು ನಂದಾ? 6 ಗಂಟೆಗೆ ಹೊರಡೋಣ ಅಂದವಳು ನಾನು. 9 ಗಂಟೆಗೆ ಬಂದು, ಗಾಡಿ ಪಕ್ಕ ಕೂತು ಹೊಸ ಶೂಗೆ ಲೇಸ್ ಪೋಣಿಸುತ್ತಿದ್ದವರು ಯಾರಪ್ಪ?

ಉದ್ದಣ್ಣ: 5 ಕಿಲೋಮೀಟರ್ ತಾನೇ ಅಂದುಕೊಂಡೆ. ಒಂದೂವರೆ ಗಂಟೆ ಸಾಕಲ್ವಾ?

ಮೇಷ್ಟ್ರು: ಬೆಟ್ಟಕ್ಕೆ ಬರೀ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ ಕಣೋ. ನೇಸ್ಮಿತ್ ಅಂತ ಸ್ಕಾಟ್ಲೆಂಡಿನವರೊಬ್ಬರು 1892ರಲ್ಲೇ ಹೇಳಿದ್ದಾರೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಜೊತೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಏರು 1200 ಮೀಟರ್. ಅಲ್ಲಿಗೆ 3 ಗಂಟೆ ಆಯ್ತು, ಅದೂ ಗಟ್ಟಿ ನೆಲದ ಮೇಲೆ, ಎಲ್ಲೂ ನಿಲ್ಲದೆ ನಡೆದರೆ. ನೀನು ಹತ್ತು ಹೆಜ್ಜೆಗೊಂದು ಸೆಲ್ಫಿ ತೆಗೆದದ್ದನ್ನು ನಾನಿನ್ನೂ ಸೇರಿಸಿಲ್ಲ.

ಡಾಕ್ಟ್ರು: ಕೆಳಗೆ ಹೂವು ಬಿಟ್ಟಿದೆ, ವಸಂತ ಬಂತು ಅಂತ ಟೀಶರ್ಟಿನಲ್ಲಿ ಬಂದ ಮಹಾನುಭಾವ ಇವನು. 1200 ಮೀಟರ್ ಮೇಲೆ ಹೋದರೆ ಏಳೆಂಟು ಡಿಗ್ರಿ ಕಡಿಮೆ ಇರುತ್ತದೆ, ಗಾಳಿ ಬೇರೆ. ನನ್ನ ಜಾಕೆಟ್ ಇನ್ನೂ ಇವನ ಹತ್ತಿರವೇ ಇದೆ.

ಪುಟ್ಟಿ: ನಾನು ಕೂತದ್ದು ಸುಸ್ತಿಗಲ್ಲ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ನಮ್ಮ ಭಾರ ತಡೆಯುತ್ತದೆ, ಬಿಸಿಲೇರಿದ ಮೇಲೆ ಮೆತ್ತಗಾಗುತ್ತದೆ. ನನ್ನ ಬಲಗಾಲು ತೊಡೆವರೆಗೂ ಹೂತಿತ್ತು. ಎಳೆದಾಗ ಕಾಲು ಬಂತು, ಶೂ ಒಳಗೇ ಉಳಿಯಿತು. ಕೂತು ಕೈಯಲ್ಲಿ ತೋಡಿ ತೆಗೆದೆ. ಆಗ ಉದ್ದಣ್ಣ ವಿಡಿಯೋ ಮಾಡುತ್ತಿದ್ದ!

ಉದ್ದಣ್ಣ: ಚೆನ್ನಾಗಿ ಬಂದಿದೆ, ಹಾಕಲಾ?

ಪುಟ್ಟಿ: ಹಾಕಿ ನೋಡು.

ಮೇಷ್ಟ್ರು: 1 ಗಂಟೆಗೆ ಎಲ್ಲಿದ್ದರೂ ವಾಪಸ್ ಅಂತ ಮೊದಲೇ ಮಾತಾಗಿತ್ತು, ಹಾಗೇ ಮಾಡಿದೆವು. ಆ ಹಳ್ಳ ನೆನಪಿದೆಯಾ? ಬೆಳಿಗ್ಗೆ ಮೂರು ಕಲ್ಲಿನ ಮೇಲೆ ಕಾಲಿಟ್ಟು ದಾಟಿದೆವು, ಶೂ ಕೂಡ ಒದ್ದೆಯಾಗಲಿಲ್ಲ. ಬರುವಾಗ ನಡುವಿನ ಕಲ್ಲು ಕಾಣಲೇ ಇಲ್ಲ. ಮೇಲೆ ಬಿಸಿಲಿಗೆ ಕರಗಿದ್ದೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಇನ್ನೂ ಒಂದು ಗಂಟೆ ಮೇಲಿದ್ದಿದ್ದರೆ ಆ ಕಡೆ ದಡದಲ್ಲೇ ಕೂರಬೇಕಿತ್ತು.

ಉದ್ದಣ್ಣ: ಒಪ್ಪಿದೆ ಮೇಷ್ಟ್ರೇ. ಆದರೆ "ದಿಬ್ಬ ಮುಟ್ಟಿದೆವು" ಅಂತ ಬರೆದರೆ ಯಾರು ಲೈಕ್ ಕೊಡುತ್ತಾರೆ?

ಡಾಕ್ಟ್ರು: ಅದಿರಲಿ, ಗದ್ದದ ಅಡಿ ಉರಿ ಕಡಿಮೆ ಆಯ್ತಾ? ಹಿಮ ಇದ್ದ ಕಡೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಅಲ್ಲೂ ಕ್ರೀಮ್ ಹಚ್ಚು ಅಂತ ಬಡಕೊಂಡೆ.

ಉದ್ದಣ್ಣ: ಇನ್ನೂ ಉರಿಯುತ್ತಿದೆ. ಮೂಗಿನ ಹೊಳ್ಳೆ ಒಳಗೂ.

ಪುಟ್ಟಿ: 😂😂 ಅದರ ಫೋಟೊ ಹಾಕು.

ಉದ್ದಣ್ಣ: ಸರಿ ಬಿಡ್ರೋ, "ತುದಿ" ತೆಗೆಯುತ್ತೇನೆ. ಆದರೆ ಫೋಟೊ ಮಾತ್ರ ಇರಲಿ. ಹೊಟ್ಟೆ ಕಾಣದೆ ಬಂದಿರುವುದು ಅದೊಂದೇ.

ಡಾಕ್ಟ್ರು: ನನ್ನ ಜಾಕೆಟ್ ಕೃಪೆ. ವಾಪಸ್ ಕೊಡು.