ಅಪ್‌ಡೇಟ್: ಗುಂಪು ಚಿಕಿತ್ಸೆಗೆ ಸೇರಿದೆ

ಮದುವೆಯಾಗಿ ನಾಲ್ಕು ವರ್ಷವಾದರೂ ಸಂಭೋಗ ಅಂದರೆ ನೋವು, ವೈದ್ಯರು ವೆಜೈನಿಸ್ಮಸ್ (ಯೋನಿಯ ಸುತ್ತಲಿನ ಸ್ನಾಯು ತಾನಾಗಿಯೇ ಬಿಗಿಯುವ ತೊಂದರೆ) ಅಂದಿದ್ದಾರೆ, ಹೆಂಗಸರ ಗುಂಪು ಚಿಕಿತ್ಸೆಗೆ ಹೋಗಲೇ ಅಂತ ಕೇಳಿದ್ದೆ. ಹೋದೆ. 8 ವಾರ ಮುಗಿಯಿತು.

ಮೊದಲ ದಿನ ಬಾಯಿಂದ ಮಾತೇ ಹೊರಡಲಿಲ್ಲ. ಕೈಯಲ್ಲಿದ್ದ ಟಿಶ್ಯೂ ಚೂರುಚೂರಾಗಿತ್ತು. ನನ್ನಮ್ಮನ ವಯಸ್ಸಿನವರೊಬ್ಬರು, "ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡು ಸಹಿಸಿದೆ, ಯಾರಿಗೂ ಹೇಳಲಿಲ್ಲ" ಅಂದಾಗ ಅತ್ತುಬಿಟ್ಟೆ. ಅವರು ಏನೂ ಹೇಳದೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಅದನ್ನು ನಾನು ಮರೆಯಲ್ಲ.

ಬೇಡವೆಂದರೂ ಸ್ನಾಯು ಬಿಗಿಯುವುದು ನನ್ನ ಹಟವಲ್ಲ ಅಂತ ಅಲ್ಲೇ ಅರ್ಥವಾದದ್ದು. ನೋವಿನ ಭಯಕ್ಕೆ ವಸ್ತಿಕುಹರದ ತಳದ, ಅಂದರೆ ಸೊಂಟದ ಕೆಳಭಾಗದ ಒಳಗಿನ, ಸ್ನಾಯು ತಾನಾಗಿಯೇ ಬಿಗಿಯುತ್ತದೆ, ಬಿಗಿದರೆ ಇನ್ನಷ್ಟು ನೋವು, ಮತ್ತೆ ಭಯ. ಉಸಿರು ಬಿಡುತ್ತಾ ಅದನ್ನು ಸಡಿಲಿಸಲು, ತೀರಾ ಸಣ್ಣ ಡೈಲೇಟರ್‌ನಿಂದ (ಯೋನಿಯೊಳಗೆ ಇಟ್ಟು ಅಭ್ಯಾಸ ಮಾಡುವ, ಬೇರೆ ಬೇರೆ ಅಳತೆಯ ನಯವಾದ ಸಾಧನ) ಶುರುಮಾಡಲು ಕಲಿಸಿದರು. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸವನ್ನು ಮನೆಯಲ್ಲಿ ಮಾಡಿದೆವು: ಸಂಭೋಗವನ್ನು ಪೂರ್ತಿ ಬದಿಗಿಟ್ಟು ಬರೀ ಮುಟ್ಟುವುದು. ಎಷ್ಟೋ ದಿನದ ಮೇಲೆ ಗಂಡನ ಕೈ ಬೆನ್ನ ಮೇಲಿದ್ದರೂ ಮೈ ಸೆಟೆಯಲಿಲ್ಲ.

ಪೂರ್ತಿ ಗುಣವಾಗಿಲ್ಲ. ಮೂರನೇ ಅಳತೆಯ ಡೈಲೇಟರ್‌ನಲ್ಲಿದ್ದೇನೆ. ಮುಂದಿನ ತಿಂಗಳ ಗುಂಪಿಗೂ ಹೆಸರು ಕೊಟ್ಟಿದ್ದೇನೆ. ಆವತ್ತು ಧೈರ್ಯ ತುಂಬಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.