ಬಿಡಬೇಕಾಗಿರುವುದು ವೃತ್ತಿಯನ್ನೋ, ಫೈಲುಗಳನ್ನೋ?

ರೋಗಿಗಳ ಮೇಲಿನ ಕರುಣೆಯೇ ಬತ್ತಿಹೋಗಿದೆ, ವೈದ್ಯವೃತ್ತಿಯನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದ ವೈದ್ಯೆಯೊಬ್ಬರಿಗೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

‘ಮುಂದಿನ ರೋಗಿ ಬಾರದಿದ್ದರೆ ಸಾಕು ಅನಿಸುತ್ತದೆ’ ಎಂದು ಬರೆದಿದ್ದೀರಿ. ಅದಕ್ಕಾಗಿ ನಿಮ್ಮನ್ನು ಕಲ್ಲೆದೆಯವಳು ಎಂದು ಬೈದುಕೊಂಡಿದ್ದೀರಿ. ಸುಮ್ನೆ ಬೈದುಕೊಳ್ಳಬೇಡಿ. ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲಿ ಪೂರ್ತಿ ಬಳಲಿಹೋಗುವುದು. ಅದನ್ನು ಅಳೆಯಲು ಮನೋವಿಜ್ಞಾನಿಗಳಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸುಸಾನ್ ಜಾಕ್ಸನ್ 1981ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಮನಸ್ಸು ಪೂರ್ತಿ ಬರಿದಾಗುವುದು, ಎದುರಿಗೆ ಕೂತವರು ಬರೀ ‘ಕೇಸು’ ಅನಿಸುವುದು, ಎಷ್ಟು ದುಡಿದರೂ ಏನೂ ಸಾಧಿಸಿಲ್ಲ ಅನಿಸುವುದು, ಇವು ಅದರಲ್ಲಿ ನೋಡುವ ಸಂಗತಿಗಳು. ನಿಮಗೆ ಆಗಿರುವುದರ ಹೆಸರು ಆ ಪಟ್ಟಿಯಲ್ಲೇ ಇದೆ. ನಿಮ್ಮ ಸ್ವಭಾವ ಕೆಟ್ಟಿಲ್ಲ, ನೀವು ದಣಿದಿದ್ದೀರಿ.

ಸಂಜೆ ಮನೆಗೆ ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಡಿ: ಇವತ್ತು ಯಾವ ಗಳಿಗೆಯಲ್ಲಿ ಜೀವ ಹಿಂಡಿದಂತಾಯಿತು, ಯಾವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅಮೆರಿಕದಲ್ಲಿ 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ವೈದ್ಯರು ರೋಗಿಯೊಂದಿಗೆ ಕಳೆಯುವ ಪ್ರತಿ ಒಂದು ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ಮತ್ತು ಕಾಗದಪತ್ರಕ್ಕೆ ಹೋಗುತ್ತಿತ್ತು. ರೋಗಿ ಎದೆನೋವು ಹೇಳುತ್ತಿರುತ್ತಾರೆ, ನಮ್ಮ ಕಣ್ಣು ಪರದೆಯ ಮೇಲೆ. ನಿಮ್ಮ ಪತ್ರದಲ್ಲೂ ರೋಗಿಗಳಿಗಿಂತ ಡಿಸ್ಚಾರ್ಜ್ ಸಮರಿ, ವಿಮೆ ಫಾರಂಗಳ ಮಾತೇ ಜಾಸ್ತಿ ಇತ್ತು, ಅಲ್ವಾ?
(ಹಿರಿಯ ಫಿಜಿಷಿಯನ್)

ಧ್ಯಾನ ಮಾಡಿ, ಬೆಳಗ್ಗೆ ಬೇಗ ಎದ್ದು ನಡೆಯಿರಿ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ರಾತ್ರಿ ಡ್ಯೂಟಿ ಮುಗಿಸಿ ಮುಖ ತೊಳೆದು ಮತ್ತೆ ಓಪಿಡಿಗೆ ಬಂದು ಕೂರುವವರಿಗೆ ಇನ್ನೂ ಬೇಗ ಏಳು ಅನ್ನಬೇಕೇ? ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟನ್ನು ಕಾಯಿಲೆ ಎಂದು ಕರೆದಿಲ್ಲ, ಕೆಲಸದ ಜಾಗದ ಒತ್ತಡದಿಂದ ಬರುವಂಥದ್ದು ಎಂದಿದೆ. ಮೊದಲು ಡ್ಯೂಟಿ ಪಟ್ಟಿ ಸರಿಯಾಗಬೇಕು. ಒಬ್ಬರೇ ಹೋಗಿ ಕೇಳಿದರೆ ದೂರು ಅಂದುಕೊಳ್ಳುತ್ತಾರೆ, ನಾಲ್ಕು ಜನ ಒಟ್ಟಿಗೆ ಹೋಗಿ.
(ವಾರ್ಡಿನ ನರ್ಸ್)

ನಾನು ಆಸ್ಪತ್ರೆಯವರನ್ನು ಕೇಳಿದ್ದು ಪಾಠ ಹೇಳಲು ವಾರಕ್ಕೆ ಒಂದು ದಿನ, ಅಷ್ಟೇ. ಆ ದಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಸಿಗೆಯಿಂದ ಹಾಸಿಗೆಗೆ ನಿಧಾನವಾಗಿ ಹೋಗುತ್ತೇನೆ. ಹೊಟ್ಟೆ ಮುಟ್ಟಿ ನೋಡುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದನ್ನೂ ಕಲಿಸುತ್ತೇನೆ. ಉಳಿದ ದಿನಗಳ ಗಲಾಟೆ ಏನೂ ಕಡಿಮೆಯಾಗಿಲ್ಲ, ಆದರೂ ತಡೆದುಕೊಳ್ಳಬಹುದು. ತಮಗೆ ಅತಿ ಮುಖ್ಯ ಅನಿಸುವ ಕೆಲಸಕ್ಕೆ ಸಮಯದ ಕನಿಷ್ಠ 20 ಶೇಕಡಾ ಕೊಡಲು ಸಾಧ್ಯವಾದ ವೈದ್ಯರಲ್ಲಿ ಬರ್ನ್‌ಔಟ್ ಕಡಿಮೆ ಎಂದು 2009ರ ಒಂದು ಅಧ್ಯಯನದಲ್ಲಿ ಓದಿದ್ದೆ. ಆ ಧೈರ್ಯದಲ್ಲೇ ಕೇಳಿದ್ದು. ಸಂಬಳ ಸ್ವಲ್ಪ ಕಡಿಮೆಯಾಯಿತು, ನಿಜ.
(ಶಸ್ತ್ರಚಿಕಿತ್ಸಕ)

ನನ್ನ ಹೆಂಡತಿ ವೈದ್ಯೆ. ಅವಳಿಗೆ ಅವಳದೇ ಆದ ಡಾಕ್ಟರ್ ಇಲ್ಲ, ಎಲ್ಲ ಮಾತ್ರೆಯನ್ನೂ ತಾನೇ ಬರೆದುಕೊಳ್ಳುತ್ತಾಳೆ. ನಿಮ್ಮದೂ ಹಾಗೇ ಇರಬಹುದು. ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ, ಇದು ಬರೀ ಬರ್ನ್‌ಔಟ್ ಎಂದು ತಳ್ಳಿಹಾಕದೆ ಇನ್ನೊಬ್ಬ ವೈದ್ಯರನ್ನು ಕಾಣಿ, ಅದೂ ತಡಮಾಡದೆ. ನಿಮ್ಮ ವೈದ್ಯರ ಪ್ರತಿಜ್ಞೆಯಲ್ಲೇ, ಜಿನೀವಾ ಘೋಷಣೆಯಲ್ಲಿ, ನನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಎಂಬ ಮಾತು 2017ರಲ್ಲಿ ಸೇರಿದೆ.
(ವೈದ್ಯೆಯ ಗಂಡ)

ನಾನು ಬಿಟ್ಟೆ. ಈಗ ಸಾರ್ವಜನಿಕ ಆರೋಗ್ಯದ ಕೆಲಸ, ಲಸಿಕೆ ಯೋಜನೆಗಳು. ಆರಾಮಾಗಿದ್ದೇನೆ. ಆದರೆ ರಾಜೀನಾಮೆಗೆ ಮುಂಚೆ ದೀರ್ಘ ರಜೆ ಹಾಕಿ ನೋಡಿ. ರಜೆ ಮುಗಿಯುವಾಗ ಭಯ ಆಗುವುದು ಆ ಆಸ್ಪತ್ರೆಯನ್ನು ನೆನೆದೋ, ರೋಗಿಗಳನ್ನು ನೆನೆದೋ ಗೊತ್ತಾಗುತ್ತದೆ. ಏನೇ ಮಾಡಿ, ವೈದ್ಯಕೀಯ ನೋಂದಣಿ ಮಾತ್ರ ಚಾಲ್ತಿಯಲ್ಲಿ ಇಟ್ಟುಕೊಳ್ಳಿ.
(ಹಿಂದೆ ಮಕ್ಕಳ ವೈದ್ಯೆ)