ಪಳಗಿದ ಪಾಯಿಂಟ್ ಗಾರ್ಡ್ ತರಬೇಕಾ? ಹೂಸ್ಟನ್ ಗೆಳೆಯರಿಗೆ ನಮ್ಮ ಅನುಭವ

ಹೂಸ್ಟನ್‌ನಲ್ಲಿರುವ ಕನ್ನಡದ ಗೆಳೆಯರೊಬ್ಬರು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಕೇಳಿದ್ದಾರೆ: "ನಮ್ಮ ರಾಕೆಟ್ಸ್ ತಂಡದ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವರು) ಫ್ರೆಡ್ ವ್ಯಾನ್‌ವ್ಲೀಟ್ 2025ರ ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡರು. ಕೆವಿನ್ ಡುರಾಂಟ್ ಬಂದ ವರ್ಷವೇ ಹೀಗಾಯಿತು. ಟ್ರೇಡ್ ಮಾಡಿ (ಬೇರೆ ತಂಡದ ಜೊತೆ ಆಟಗಾರರನ್ನು ಅದಲುಬದಲು ಮಾಡಿಕೊಂಡು) ಒಬ್ಬ ಪಳಗಿದ ಪಾಯಿಂಟ್ ಗಾರ್ಡ್‌ನನ್ನು ತರಬೇಕಾ? ಇಲ್ಲಾ ನಮ್ಮ ಹುಡುಗರು ರೀಡ್ ಶೆಪರ್ಡ್, ಅಮೆನ್ ಥಾಂಪ್ಸನ್ ಕೈಗೆ ಚೆಂಡು ಕೊಟ್ಟು ಕಾಯಬೇಕಾ? ಇಂಥ ಟ್ರೇಡ್ ಹತ್ತಿರದಿಂದ ನೋಡಿದವರು ಹೇಳಿ."

ನಾನು ನೋಡಿದ್ದೇನೆ. ಒಂದಲ್ಲ, ಮೂರ್ನಾಲ್ಕು. ಹತ್ತು ವರ್ಷದಿಂದ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದ್ದೇನೆ, ಸನ್ಸ್ ನಮ್ಮ ತಂಡ. ಮಿಲ್ವಾಕಿ ಮತ್ತು ಲಾಸ್ ಏಂಜಲಿಸ್‌ನಲ್ಲಿರುವ ಹಳೇ ಗೆಳೆಯರನ್ನೂ ಕೇಳಿದೆ. ಅವರ ಮಾತನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಮೆನ್, ಶೆಪರ್ಡ್ ಇಬ್ಬರನ್ನೂ ಮುಟ್ಟದೆ, ಕಡಿಮೆ ಬೆಲೆಗೆ ಒಬ್ಬ ಹಿರಿಯ ಗಾರ್ಡ್ ಸಿಕ್ಕರೆ ತನ್ನಿ. ಅವರಲ್ಲಿ ಒಬ್ಬರನ್ನು ಕೊಡಲೇಬೇಕು ಅಂದರೆ ಬೇಡವೇ ಬೇಡ. ಯಾಕೆ ಅಂತ ನಮ್ಮ ಊರಿನ ಕಥೆಯಿಂದಲೇ ಶುರು ಮಾಡುತ್ತೇನೆ.

ನಾನು ಇಲ್ಲಿಗೆ ಬಂದಾಗ ಸನ್ಸ್ ಪಂದ್ಯಕ್ಕೆ ಟಿಕೆಟ್ ಸುಲಭವಾಗಿ ಸಿಗುತ್ತಿತ್ತು. 2018-19ರಲ್ಲಿ ತಂಡ ಗೆದ್ದದ್ದು ಬರೀ 19 ಪಂದ್ಯ, ಸೋತದ್ದು 63. ಸತತ ಹತ್ತು ಸೀಸನ್ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಆಮೇಲೆ 2020ರ ನವೆಂಬರ್‌ನಲ್ಲಿ ಕ್ರಿಸ್ ಪಾಲ್ ಬಂದರು. ಅವರಿಗೆ ಆಗ 35 ವರ್ಷ. ಇಷ್ಟು ವಯಸ್ಸಾದವರಿಗೆ ವರ್ಷಕ್ಕೆ 4 ಕೋಟಿ ಡಾಲರ್ ಮೇಲೆ ಸಂಬಳ ಕೊಡೋದಾ ಅಂತ ಆಫೀಸಿನಲ್ಲಿ ಎಲ್ಲರೂ ತಲೆ ಚಚ್ಚಿಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಆ ಸೀಸನ್‌ನಲ್ಲಿ ತಂಡ 51 ಗೆದ್ದು 21 ಸೋತಿತು. ನೇರ ಫೈನಲ್ಸ್‌ಗೆ ಹೋಯಿತು.

ಆದರೆ ಆ ಟ್ರೇಡ್‌ನಲ್ಲಿ ಕೊಟ್ಟದ್ದು ಏನು ನೋಡಿ. ಕೆಲ್ಲಿ ಊಬ್ರೆ, ರಿಕಿ ರುಬಿಯೊ, ಇನ್ನಿಬ್ಬರು ಹುಡುಗರು ಮತ್ತು ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸುವ ಸರದಿ). ಡೆವಿನ್ ಬುಕರ್ ಹೋಗಲಿಲ್ಲ. ಮಿಕಾಲ್ ಬ್ರಿಡ್ಜಸ್ ಹೋಗಲಿಲ್ಲ. ಡಿಆಂಡ್ರೆ ಏಟನ್ ಹೋಗಲಿಲ್ಲ. ಮನೆ ಆಗಲೇ ಕಟ್ಟಿ ನಿಂತಿತ್ತು. ಆ ಟ್ರೇಡ್‌ಗೆ ಕೆಲವೇ ತಿಂಗಳ ಮೊದಲು ಒರ್ಲಾಂಡೊದ ಬಬಲ್‌ನಲ್ಲಿ (ಕೋವಿಡ್ ಕಾಲದಲ್ಲಿ ತಂಡಗಳು ಒಂದೇ ಕಡೆ ಇದ್ದು ಆಡಿದ ಏರ್ಪಾಡು) ಇದೇ ಹುಡುಗರು ಎಂಟಕ್ಕೆ ಎಂಟೂ ಪಂದ್ಯ ಗೆದ್ದಿದ್ದರು. ಪಾಲ್ ಬಂದು ಮಾಡಿದ್ದು ಕೊನೆಯ ಐದು ನಿಮಿಷದ ಕೆಲಸ. ಎರಡು ಪಾಯಿಂಟ್ ಹಿಂದಿದ್ದಾಗ ಚೆಂಡನ್ನು ನಿಧಾನಕ್ಕೆ ತರುತ್ತಿದ್ದರು. ಏಟನ್‌ಗೆ ಎಲ್ಲಿ ನಿಲ್ಲಬೇಕು ಅಂತ ಕೈಯಲ್ಲಿ ತೋರಿಸುತ್ತಿದ್ದರು. ಆಮೇಲೆ ಬಲಗಡೆಯ 'ಎಲ್ಬೋ'ಗೆ, ಅಂದರೆ ಫ್ರೀ ಥ್ರೋ ಗೆರೆಯ ತುದಿಗೆ ಹೋಗಿ ತಮ್ಮ ಆ ಹಳೇ ಶಾಟ್ ಹಾಕುತ್ತಿದ್ದರು. ಏಟನ್ ಆಟ ಆ ವರ್ಷ ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅದೇ ಫೈನಲ್ಸ್‌ನಲ್ಲಿ ಎದುರಿಗಿದ್ದ ಮಿಲ್ವಾಕಿ ಬಕ್ಸ್ ಕೂಡ ಅದೇ 2020ರ ನವೆಂಬರ್‌ನಲ್ಲಿ ಒಬ್ಬ ಗಾರ್ಡ್‌ನನ್ನು ಟ್ರೇಡ್ ಮಾಡಿ ತಂದಿತ್ತು. ಜ್ರೂ ಹಾಲಿಡೇ. ಅವರಿಗಾಗಿ ಕೊಟ್ಟದ್ದು ಎರಿಕ್ ಬ್ಲೆಡ್ಸೊ, ಜಾರ್ಜ್ ಹಿಲ್, ಮೊದಲ ಸುತ್ತಿನ ಮೂರು ಪಿಕ್, ಜೊತೆಗೆ ಎರಡು ಪಿಕ್ ಸ್ವಾಪ್ (ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು). ಅಲ್ಲಿನ ನನ್ನ ಗೆಳೆಯನಿಗೆ ಆಗ ಇದು ಹುಚ್ಚು ಬೆಲೆ ಅನ್ನಿಸಿತ್ತಂತೆ. ನಾವು 2-0 ಮುಂದಿದ್ದೆವು. ಆಮೇಲೆ 2-2 ಆಯಿತು. ಐದನೇ ಪಂದ್ಯ ಇಲ್ಲೇ ಫೀನಿಕ್ಸ್‌ನಲ್ಲಿ. ಕೊನೆಯ ಕೆಲವು ಸೆಕೆಂಡು, ನಾವು ಒಂದೇ ಪಾಯಿಂಟ್ ಹಿಂದೆ, ಚೆಂಡು ಬುಕರ್ ಕೈಯಲ್ಲಿ. ಹಾಲಿಡೇ ಅದನ್ನು ಬುಕರ್ ಕೈಯಿಂದಲೇ ಕಿತ್ತುಕೊಂಡು ಓಡಿ ಬಕ್ಸ್‌ನ ಮುಖ್ಯ ಆಟಗಾರ ಯಾನಿಸ್‌ಗೆ ಮೇಲೆ ಎಸೆದರು. ನಾನು ಮನೆಯ ಸೋಫಾದ ತುದಿಯಲ್ಲಿ ಕೂತಿದ್ದೆ. ಟಿವಿ ಆರಿಸಲೂ ಕೈ ಬರಲಿಲ್ಲ. ಬಕ್ಸ್ 50 ವರ್ಷದ ನಂತರ ಕಪ್ ಗೆದ್ದಿತು.

ಈಗ ಅದೇ ಮಿಲ್ವಾಕಿಯ ಎರಡನೇ ಟ್ರೇಡ್. ಹೂಸ್ಟನ್‌ನವರು ಇದನ್ನು ಜಾಸ್ತಿ ಗಮನಿಸಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಕ್ಸ್ ಹಾಲಿಡೇಯನ್ನೇ ಕೊಟ್ಟು ಪೋರ್ಟ್‌ಲ್ಯಾಂಡ್‌ನಿಂದ ಡೇಮಿಯನ್ ಲಿಲ್ಲಾರ್ಡ್‌ರನ್ನು ತಂದಿತು. ಹೆಸರು ನೋಡಿದರೆ ಲಿಲ್ಲಾರ್ಡ್ ಇನ್ನೂ ದೊಡ್ಡ ಆಟಗಾರ. ಅರ್ಧ ಕೋರ್ಟ್ ಹತ್ತಿರದಿಂದ ತ್ರೀ (ದೂರದ ಮೂರು ಪಾಯಿಂಟ್ ಶಾಟ್) ಹಾಕುವ ಮನುಷ್ಯ. ಇವರಿಗಿಂತ ಪಳಗಿದವರು ಇನ್ಯಾರು ಅಲ್ವಾ? ಆದರೆ ಡಿಫೆನ್ಸ್ ಕುಸಿಯಿತು. ಲೀಗಿನ ಮೊದಲ ಸಾಲಿನಲ್ಲಿದ್ದ ತಂಡ ಮಧ್ಯಕ್ಕಿಂತ ಕೆಳಗೆ ಇಳಿಯಿತು. 2024ರಲ್ಲಿ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋಲು, 2025ರಲ್ಲಿ ಮತ್ತೆ ಮೊದಲ ಸುತ್ತಿನಲ್ಲೇ ಸೋಲು. ಎರಡೂ ಸಲ ಇಂಡಿಯಾನಾ ಎದುರು. ಮೊದಲ ಸಲ ಯಾನಿಸ್ ಗಾಯದಿಂದ ಆಡಲಿಲ್ಲ, ಎರಡನೇ ಸಲ ಲಿಲ್ಲಾರ್ಡ್ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊನೆಗೆ ತಂಡ ಅವರನ್ನು ಬಿಟ್ಟುಕೊಟ್ಟಿತು. ಉಳಿದ ಸಂಬಳವನ್ನು ಐದು ವರ್ಷಕ್ಕೆ ಹಂಚಿಕೊಂಡು ಈಗಲೂ ಕಟ್ಟುತ್ತಿದೆ. ಇತ್ತ ಹಾಲಿಡೇ ಪೋರ್ಟ್‌ಲ್ಯಾಂಡ್‌ನಿಂದ ಬಾಸ್ಟನ್‌ಗೆ ಹೋದರು. 2024ರಲ್ಲಿ ಬಾಸ್ಟನ್ ಕಪ್ ಗೆದ್ದಿತು.

ನನ್ನ ಮಿಲ್ವಾಕಿ ಗೆಳೆಯ ಫೋನಿನಲ್ಲಿ ಹೇಳಿದ ಮಾತು: "ಯಾರು ಬರ್ತಾರೆ ಅಂತ ನೋಡಿ ಖುಷಿಪಟ್ಟೆವು. ಯಾರು ಹೋಗ್ತಿದ್ದಾರೆ ಅಂತ ನೋಡಲಿಲ್ಲ." ಅವನು ಇದನ್ನು ಹೇಳುವಾಗ ದನಿ ನಿಜವಾಗಿ ಇಳಿದಿತ್ತು.

ಲಾಸ್ ಏಂಜಲಿಸ್ ಗೆಳತಿಯ ಕಥೆ ಬೇರೆ ತರಹ. 2021ರಲ್ಲಿ ಲೇಕರ್ಸ್ ರಸೆಲ್ ವೆಸ್ಟ್‌ಬ್ರೂಕ್‌ರನ್ನು ತಂದಿತು. 2017ರ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ, ಅವರು. ಕೊಟ್ಟದ್ದು ಕೈಲ್ ಕುಜ್ಮಾ, ಕೆಂಟಾವಿಯಸ್ ಕಾಲ್ಡ್‌ವೆಲ್-ಪೋಪ್, ಮಾಂಟ್ರೆಜ್ ಹ್ಯಾರೆಲ್ ಮತ್ತು ಆ ವರ್ಷದ 22ನೇ ಪಿಕ್. ತಂಡ 33 ಗೆದ್ದು 49 ಸೋತಿತು. ಪ್ಲೇಆಫ್‌ಗೂ ಹೋಗಲಿಲ್ಲ. ಅವಳು ಹೇಳುವುದು ಇಷ್ಟು: ಲೆಬ್ರಾನ್ ಕೈಯಲ್ಲಿ ಚೆಂಡಿದ್ದಾಗ ವೆಸ್ಟ್‌ಬ್ರೂಕ್ ಮೂಲೆಯಲ್ಲಿ ನಿಲ್ಲುತ್ತಿದ್ದರು. ಅಲ್ಲಿಂದ ಅವರು ಶಾಟ್ ಹಾಕಿದರೆ ಹಾಕಲಿ ಅಂತ ಅವರನ್ನು ಕಾಯಬೇಕಾದವನು ಬಾಸ್ಕೆಟ್ ಕೆಳಗೇ ಬಂದು ನಿಲ್ಲುತ್ತಿದ್ದ. ಲೆಬ್ರಾನ್‌ಗೆ ನುಗ್ಗಲು ದಾರಿಯೇ ಇರುತ್ತಿರಲಿಲ್ಲ.

ಇದು ನಿಮ್ಮ ತಂಡಕ್ಕೆ ನೇರವಾಗಿ ತಾಗುವ ವಿಷಯ. ಅಮೆನ್ ಥಾಂಪ್ಸನ್‌ಗೆ ಹೊರಗಿನಿಂದ ಶಾಟ್ ಇನ್ನೂ ಕೂತಿಲ್ಲ. ಶೆಂಗುನ್ ಒಳಗೆ ನಿಂತು ಚೆಂಡು ಹಂಚುವವರು. ಡುರಾಂಟ್‌ಗೆ ಚೆಂಡು ಬೇಕೇ ಬೇಕು. ಹಾಗಾಗಿ ಬರುವ ಗಾರ್ಡ್ ಚೆಂಡಿಲ್ಲದೆಯೂ ನಿಂತು ತ್ರೀ ಹಾಕುವವನಾಗಿರಬೇಕು. ವ್ಯಾನ್‌ವ್ಲೀಟ್ ಮಾಡುತ್ತಿದ್ದದ್ದು ಅದನ್ನೇ. ಅವರ ಅಂಕಿಗಳನ್ನು ನೋಡಿ ಏನು ಮಹಾ ಅನ್ನುವವರಿದ್ದಾರೆ. ಆದರೆ 2024-25ರ ಸೀಸನ್‌ನಲ್ಲಿ 52 ಪಂದ್ಯ ಗೆದ್ದು ಪಶ್ಚಿಮ ವಿಭಾಗದಲ್ಲಿ ಎರಡನೇ ಜಾಗಕ್ಕೆ ಬಂದ ಆ ಹುಡುಗರ ತಂಡದಲ್ಲಿ, ಗಲಿಬಿಲಿಯಾದಾಗ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ಅವರ ಮುಖವನ್ನು.

ಡುರಾಂಟ್ ಮೊದಲು ನಮ್ಮಲ್ಲೇ ಇದ್ದವರು, ಅವರ ವಿಷಯದಲ್ಲಿ ನಮ್ಮ ಊರಿನ ಇನ್ನೊಂದು ಅನುಭವವಿದೆ. 2023ರಲ್ಲಿ ಪಾಲ್ ಹೋದ ಮೇಲೆ ಸನ್ಸ್ ಸರಿಯಾದ ಪಾಯಿಂಟ್ ಗಾರ್ಡ್ ಇಲ್ಲದೆಯೇ ಆಡಿತು. ಬುಕರ್, ಬೀಲ್, ಡುರಾಂಟ್ ಮೂವರೂ ಶಾಟ್ ಹಾಕುವವರು. ನಾಲ್ಕನೇ ಕ್ವಾರ್ಟರ್ ಬಂತೆಂದರೆ ಎದೆ ಡವಡವ ಅನ್ನುತ್ತಿತ್ತು. 2024ರ ಪ್ಲೇಆಫ್‌ನಲ್ಲಿ ಮಿನ್ನೆಸೊಟಾ ನಮ್ಮನ್ನು 4-0 ಸೋಲಿಸಿತು. ಮುಂದಿನ ವರ್ಷ ಟೈಯಸ್ ಜೋನ್ಸ್ ಬಂದರು. ಚೆಂಡು ಕಳೆದುಕೊಳ್ಳುವುದೇ ಅಪರೂಪ ಅನ್ನುವಂಥ ಗಾರ್ಡ್. ಮೊದಲ 9ರಲ್ಲಿ 8 ಗೆದ್ದೆವು, ಊರೆಲ್ಲಾ ಹಬ್ಬ. ಕೊನೆಗೆ 36 ಗೆಲುವು, 46 ಸೋಲು. ಡಿಫೆನ್ಸ್ ಸೋರುತ್ತಿದ್ದರೆ ಪಾಯಿಂಟ್ ಗಾರ್ಡ್ ಒಬ್ಬನೇ ಬಂದು ತಡೆಯಲಾಗದು. ನಿಮ್ಮಲ್ಲಿ ಡಿಫೆನ್ಸ್ ಚೆನ್ನಾಗಿದೆ. ಅದರಲ್ಲಿ ಅಮೆನ್ ಪಾಲು ದೊಡ್ಡದು. ಅದಕ್ಕೇ ಅವರನ್ನು ಮುಟ್ಟಬೇಡಿ ಅನ್ನುತ್ತಿರುವುದು.

ಇನ್ನು ಯಾವಾಗ ತರಬೇಕು ಅನ್ನುವುದು. ಇದಕ್ಕೆ ನನ್ನದೇ ಒಂದು ಸಣ್ಣ ಅನುಭವ ಹೇಳುತ್ತೇನೆ. ಮೈಸೂರಿನಲ್ಲಿ ಓದುವಾಗ ಕಾಲೇಜು ತಂಡದಲ್ಲಿ ನಾನು ಪಾಯಿಂಟ್ ಗಾರ್ಡ್ ಆಗಿದ್ದೆ. ಒಂದು ಟೂರ್ನಮೆಂಟ್‌ಗೆ ನಾಲ್ಕು ದಿನ ಇರುವಾಗ, ಯೂನಿವರ್ಸಿಟಿಗೆ ಆಡಿದ್ದ ಹಿರಿಯ ವಿದ್ಯಾರ್ಥಿಯೊಬ್ಬರು ತಂಡಕ್ಕೆ ಸೇರಿದರು. ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಮುಷ್ಟಿ ಎತ್ತಿದರೆ ನಮ್ಮ ಎತ್ತರದ ಹುಡುಗ ಎಡಗಡೆ ಸ್ಕ್ರೀನ್ ಹಾಕುತ್ತಿದ್ದ (ಎದುರಾಳಿಗೆ ಅಡ್ಡ ನಿಲ್ಲುತ್ತಿದ್ದ). ಅವರ ಹಳೇ ತಂಡದಲ್ಲಿ ಮುಷ್ಟಿ ಅಂದರೆ ಎಲ್ಲರೂ ಹೊರಗೆ ಸರಿಯಿರಿ ಅಂತ. ಮೊದಲ ಪಂದ್ಯದಲ್ಲೇ ಅವರ ಪಾಸ್‌ಗಳು ಖಾಲಿ ಜಾಗಕ್ಕೆ ಹೋಗಿ ಗೆರೆ ದಾಟಿದವು. ನಮ್ಮ ಹುಡುಗ ತನ್ನದೇ ತಪ್ಪು ಅಂದುಕೊಂಡು ಪೂರ್ತಿ ಕುಗ್ಗಿಹೋದ. ಒಂದು ತಿಂಗಳು ಜೊತೆಗೆ ಅಭ್ಯಾಸ ಮಾಡಿದ್ದರೆ ನಾವು ಆ ಟೂರ್ನಮೆಂಟ್ ಗೆಲ್ಲುತ್ತಿದ್ದೆವು ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಪಾಲ್, ಹಾಲಿಡೇ ಇಬ್ಬರೂ ಸೀಸನ್ ಶುರುವಾಗುವ ಮೊದಲೇ ಬಂದವರು. ಫೆಬ್ರವರಿಯಲ್ಲಿ ಟ್ರೇಡ್ ಗಡುವಿನ ಹೊತ್ತಿಗೆ ಬಂದವರಿಗೆ ಅಭ್ಯಾಸಕ್ಕೆ ದಿನಗಳೇ ಸಿಗುವುದಿಲ್ಲ. ಪಂದ್ಯ, ವಿಮಾನ, ಮತ್ತೆ ಪಂದ್ಯ. ಹಾಗಿದ್ದೂ 2023ರ ಫೆಬ್ರವರಿಯಲ್ಲಿ ಮಿನ್ನೆಸೊಟಾ ತಂದ ಮೈಕ್ ಕಾನ್ಲಿ ಚೆನ್ನಾಗಿ ಹೊಂದಿಕೊಂಡರು. ಅವರಿಗೂ ಆಗ 35. ಕಾರಣ ಇದೆ. ಅಲ್ಲಿದ್ದ ರೂಡಿ ಗೊಬೇರ್ ಜೊತೆ ಅವರು ಯೂಟಾದಲ್ಲಿ ಆಗಲೇ ಆಡಿದ್ದರು. ಆ ಟ್ರೇಡ್‌ನಲ್ಲಿ ತಂಡ ಕೊಟ್ಟದ್ದು ಡಿಆಂಜೆಲೊ ರಸೆಲ್‌ರನ್ನು. ಆಂಥನಿ ಎಡ್ವರ್ಡ್ಸ್ ಬೆಳವಣಿಗೆಗೆ ಏನೂ ಅಡ್ಡ ಬರಲಿಲ್ಲ, ಇನ್ನೂ ಸಹಾಯವೇ ಆಯಿತು. 2024, 2025 ಎರಡೂ ವರ್ಷ ಅವರು ಪಶ್ಚಿಮದ ಫೈನಲ್ಸ್‌ಗೆ ಹೋದರು. ನಿಮಗೆ ಬೇಕಾದದ್ದು ಇಂಥ ಟ್ರೇಡ್.

ಹಣದ ಲೆಕ್ಕ ಚಿಕ್ಕದಾಗಿ. ಟ್ರೇಡ್‌ನಲ್ಲಿ ಎರಡೂ ಕಡೆಯ ಸಂಬಳ ಹೆಚ್ಚು ಕಡಿಮೆ ಸರಿದೂಗಬೇಕು. ವ್ಯಾನ್‌ವ್ಲೀಟ್ ಸಂಬಳ 2025-26ರಲ್ಲಿ ಸುಮಾರು 2.5 ಕೋಟಿ ಡಾಲರ್. ದೊಡ್ಡ ಹೆಸರು ಬೇಕೆಂದರೆ ಅವರನ್ನೇ ಕಳಿಸಬೇಕಾಗುತ್ತದೆ, ಮೇಲೆ ಒಬ್ಬ ಹುಡುಗನನ್ನೋ ಪಿಕ್‌ಗಳನ್ನೋ ಕೇಳುತ್ತಾರೆ. ಪಿಕ್ ಕೊಡುವ ನೋವು ನಿಮ್ಮ ಊರಿಗೆ ಗೊತ್ತೇ ಇದೆ. 2019ರಲ್ಲಿ ಪಾಲ್‌ರನ್ನು ಕೊಟ್ಟು ವೆಸ್ಟ್‌ಬ್ರೂಕ್‌ರನ್ನು ತರುವಾಗ ಒಕ್ಲಹೋಮಾಗೆ ಮೊದಲ ಸುತ್ತಿನ ಎರಡು ಪಿಕ್ ಮತ್ತು ಎರಡು ಸ್ವಾಪ್ ಕೊಟ್ಟಿರಿ. ವೆಸ್ಟ್‌ಬ್ರೂಕ್ ಇದ್ದದ್ದು ಒಂದೇ ಸೀಸನ್.

ದೇಹದ ಮಾತೂ ಇದೆ. 2018ರಲ್ಲಿ ಹೂಸ್ಟನ್ 65 ಪಂದ್ಯ ಗೆದ್ದ ವರ್ಷ, ಏಳು ಪಂದ್ಯದ ಪ್ಲೇಆಫ್ ಸರಣಿಯಲ್ಲಿ ವಾರಿಯರ್ಸ್ ಎದುರು 3-2 ಮುಂದಿತ್ತು. ಆಗ ನಿಮ್ಮಲ್ಲಿದ್ದ ಪಾಲ್ ತೊಡೆಯ ಸ್ನಾಯು ಹಿಡಿದುಕೊಂಡಿತು. ಕೊನೆಯ ಎರಡು ಪಂದ್ಯ ಅವರು ಆಡಲಿಲ್ಲ. ಏಳನೆಯದರಲ್ಲಿ ಸತತ 27 ತ್ರೀ ತಪ್ಪಿದವು. ಆ ರಾತ್ರಿಯನ್ನು ನಿಮಗೆ ನಾನು ನೆನಪಿಸಬೇಕಿಲ್ಲ. ಮೂವತ್ತು ದಾಟಿದ ಗಾರ್ಡ್ ತರುವಾಗ ಅವರ ಹಿಂದೆ ಒಬ್ಬ ತಯಾರಿರಬೇಕು. 2021ರಲ್ಲಿ ಪಾಲ್ ಕೋವಿಡ್ ನಿಯಮದಿಂದ ಎರಡು ಪಂದ್ಯ ತಪ್ಪಿಸಿಕೊಂಡಾಗ ಕ್ಯಾಮರನ್ ಪೇನ್ ಒಂದರಲ್ಲಿ 29 ಪಾಯಿಂಟ್ ಹಾಕಿದರು, ನಾವು ಎರಡೂ ಗೆದ್ದೆವು. ನಿಮಗೆ ಆ ಪೇನ್ ಆಗಬಲ್ಲವರು ಶೆಪರ್ಡ್. 2024ರ ಡ್ರಾಫ್ಟ್‌ನ ಮೂರನೇ ಪಿಕ್, ಮೊದಲ ವರ್ಷ ಹೆಚ್ಚಾಗಿ ಬೆಂಚಿನಲ್ಲೇ ಕೂತಿದ್ದರು. ಜನವರಿವರೆಗೆ ಅವರನ್ನು ಆಡಿಸಿ ನೋಡಿ. ತಪ್ಪು ಮಾಡುತ್ತಾರೆ, ಮಾಡಲಿ.

ಸ್ಯಾಕ್ರಮೆಂಟೊ ಕಡೆಯ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನೀವು 2022ರಲ್ಲಿ ಎರಡನೇ ವರ್ಷದ ಗಾರ್ಡ್ ಟೈರೀಸ್ ಹ್ಯಾಲಿಬರ್ಟನ್‌ರನ್ನು ಇಂಡಿಯಾನಾಗೆ ಕೊಟ್ಟು ಸಬೋನಿಸ್‌ರನ್ನು ತಂದಿರಿ. ಮುಂದಿನ ವರ್ಷವೇ 16 ಸೀಸನ್ ನಂತರ ಪ್ಲೇಆಫ್ ನೋಡಿದಿರಿ. ಹ್ಯಾಲಿಬರ್ಟನ್ 2025ರಲ್ಲಿ ಇಂಡಿಯಾನಾವನ್ನು ಫೈನಲ್ಸ್‌ನ ಏಳನೇ ಪಂದ್ಯದವರೆಗೆ ಕರೆದುಕೊಂಡು ಹೋದರು. ಆ ಹುಡುಗ ಬೇರೆ ಊರಿನ ಜೆರ್ಸಿ ಹಾಕಿಕೊಂಡು ಅಲ್ಲಿ ಆಡುವುದನ್ನು ನೋಡುವಾಗ ನಿಮಗೆ ಹೇಗನ್ನಿಸಿತು? ಶೆಪರ್ಡ್‌ರನ್ನು ಕೊಡಬೇಕಾ ಅಂತ ಯೋಚಿಸುತ್ತಿರುವ ಹೂಸ್ಟನ್ ಗೆಳೆಯರಿಗೆ ಅದು ತಿಳಿಯಬೇಕು.